ಎಂ.ಕಾಂ. ಇದೆ, ಪಾಠ ಮಾಡಬಹುದಾ ಮೇಷ್ಟ್ರೇ?

ಪ್ರಶ್ನೆ: ಮೇಷ್ಟ್ರಿಗೆ ನಮಸ್ಕಾರ. ನನಗೀಗ 38 ವರ್ಷ. 2010ರಲ್ಲಿ ಎಂ.ಕಾಂ. ಮುಗಿಸಿದೆ, 53.6 ಪರ್ಸೆಂಟ್. ಹನ್ನೊಂದು ವರ್ಷದಿಂದ ಒಬ್ಬ ಟ್ಯಾಕ್ಸ್ ಕನ್ಸಲ್ಟೆಂಟ್ ಹತ್ತಿರ ಲೆಕ್ಕಪತ್ರ, ಜಿಎಸ್‌ಟಿ ನೋಡಿಕೊಳ್ಳುತ್ತಿದ್ದೇನೆ. ಮನೆಯಲ್ಲಿ ಎರಡೂವರೆ ಎಕರೆ ಅಡಿಕೆ ತೋಟ ಇದೆ. ವಾರಕ್ಕೆ ಎರಡು ಮೂರು ದಿನ ಕಾಲೇಜಿನಲ್ಲಿ ಪಾಠ ಮಾಡಬೇಕು ಅನ್ನೋದು ಹಳೇ ಆಸೆ. ಎಂಬಿಎ ಮಾಡಿಕೋ ಅಂತ ಒಬ್ಬರು, ಪಿಎಚ್‌.ಡಿ. ಇಲ್ಲದಿದ್ದರೆ ಒಳಗೇ ಬಿಡಲ್ಲ ಅಂತ ಇನ್ನೊಬ್ಬರು. ಯಾವುದೋ ಸಂಸ್ಥೆಯವರು ಫೋನ್ ಮಾಡಿ, ಒಂದೇ ವರ್ಷದಲ್ಲಿ ಎಂಬಿಎ ಕೊಡಿಸ್ತೀವಿ ಅಂದರು. ಏನು ಮಾಡಲಿ?
— ಓದುಗಿ, ರಿಪ್ಪನ್‌ಪೇಟೆ

ಉತ್ತರ: ತಂಗಿ, ಮೊದಲು ಆ ಫೋನ್ ನಂಬರ್ ಬ್ಲಾಕ್ ಮಾಡಿ. ಮೂರು ವರ್ಷದ ಬಿ.ಕಾಂ. ಓದಿದವರಿಗೆ ಎಂಬಿಎ ಅಂದರೆ ಎರಡು ವರ್ಷ. ಒಂದೇ ವರ್ಷಕ್ಕೆ ಕೊಡಿಸುವವರು ಕೊಡುವುದು ಕಾಗದ ಅಷ್ಟೇ.

ಈಗ ನಿಮ್ಮ ಮಾರ್ಕ್ಸ್ ಕಾರ್ಡ್ ವಿಷಯ. ನಿಮಗೆ ಬೇಕಿರುವುದು ಇನ್ನೊಂದು ಡಿಗ್ರಿಯೋ ಅಲ್ಲವೋ ಅನ್ನೋದು ಅದರ ಮೇಲೇ ನಿಂತಿದೆ. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮದ ಪ್ರಕಾರ ಸಹಾಯಕ ಪ್ರಾಧ್ಯಾಪಕರಾಗಲು ಸ್ನಾತಕೋತ್ತರ ಪದವಿಯಲ್ಲಿ 55 ಪರ್ಸೆಂಟ್ ಬೇಕು. ಜತೆಗೆ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ ನೆಟ್ ಅಥವಾ ನಮ್ಮ ರಾಜ್ಯದ ಅರ್ಹತಾ ಪರೀಕ್ಷೆ ಕೆ-ಸೆಟ್ ಪಾಸಾಗಿರಬೇಕು. ಅತಿಥಿ ಉಪನ್ಯಾಸಕರಿಗೂ ಇದೇ ಅರ್ಹತೆ ಅಂತ 2019ರಲ್ಲಿ ಯುಜಿಸಿ ಹೇಳಿದೆ. ಪಿಎಚ್‌.ಡಿ. ಕಡ್ಡಾಯ ಎಂಬ ಮಾತು ಹುಟ್ಟಿದ್ದು ವಿಶ್ವವಿದ್ಯಾಲಯದ ವಿಭಾಗಗಳಿಗೆ ಸಂಬಂಧಿಸಿ. ಅದನ್ನೂ ಮುಂದೂಡಿ ಮುಂದೂಡಿ, ಕೊನೆಗೆ 2023ರಲ್ಲಿ ಕೈಬಿಟ್ಟರು. ನಿಮ್ಮ ಎರಡನೇ ಸಲಹೆಗಾರರು ಹಳೇ ಪೇಪರ್ ಓದಿದ್ದಾರೆ.

ನಿಮ್ಮದು 53.6. ಸ್ವಲ್ಪ ಕಮ್ಮಿ ಇದ್ದರೆ ನಡೆಯುತ್ತೆ ಬಿಡಿ ಅನ್ನುವವರ ಮಾತು ಕೇಳಬೇಡಿ. 54.9 ಇದ್ದರೂ ಅದನ್ನು 55 ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಪರಿಶಿಷ್ಟ ಜಾತಿ, ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ ಮತ್ತು ಅಂಗವಿಕಲರಿಗೆ 50 ಸಾಕು. ನೀವು ಯಾವ ಪ್ರವರ್ಗ ಅಂತ ಬರೆದಿಲ್ಲ. ಒಂದು ಸೂಕ್ಷ್ಮ ಇದೆ, ಗಮನಿಸಿ: ನೆಟ್‌ಗೆ ನೋಡುವುದು ಕೇಂದ್ರದ ಪಟ್ಟಿ, ಕೆ-ಸೆಟ್‌ಗೆ ರಾಜ್ಯದ ಪಟ್ಟಿ. ಎರಡೂ ಒಂದೇ ಅಲ್ಲ. ಇಲ್ಲಿ ರಿಯಾಯಿತಿ ಸಿಕ್ಕವರಿಗೆ ಅಲ್ಲಿ ಸಿಗದೇ ಹೋಗಬಹುದು. ನಾಡಕಚೇರಿಗೆ ಹೋಗಿ ಪ್ರಮಾಣಪತ್ರ ಹೊಸದು ಮಾಡಿಸಿಕೊಳ್ಳಿ, ಹಳೇದು ನಡೆಯಲಿಕ್ಕಿಲ್ಲ.

ರಿಯಾಯಿತಿ ಸಿಗುವುದಾದರೆ ಇನ್ನೊಂದು ಡಿಗ್ರಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ನೇರ ಕೆ-ಸೆಟ್‌ಗೆ ಕೂರಿ. ಸಿಗದಿದ್ದರೆ ಮಾತ್ರ ಎರಡನೇ ಸ್ನಾತಕೋತ್ತರ ಪದವಿಯ ಮಾತು. ಅದು ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲೂ ಆದೀತು. ಆ ವರ್ಷ ಆ ಕೋರ್ಸಿಗೆ ಯುಜಿಸಿ ಮಾನ್ಯತೆ ಇದೆಯಾ ಅಂತ ನೋಡಿಕೊಂಡೇ ಫೀಸು ಕಟ್ಟಿ. ನನ್ನ ಕೇಳಿದರೆ, ಎಂಬಿಎಗಿಂತ ಮತ್ತೆ ಎಂ.ಕಾಂ. ಮಾಡುವುದೇ ನಿಮಗೆ ಸಲೀಸು. ಹನ್ನೊಂದು ವರ್ಷ ಕೈಯಲ್ಲೇ ಮಾಡಿದ ಕೆಲಸವನ್ನು ಪುಸ್ತಕದಲ್ಲಿ ಓದುತ್ತೀರಿ, ಅಷ್ಟೇ. ಕಾಮರ್ಸ್ ಕೆ-ಸೆಟ್‌ಗೂ ಅದೇ ಓದು ಸಾಕಾಗುತ್ತೆ.

ಕೆ-ಸೆಟ್ ಅಂದರೆ ಹೆದರುವವರೇ ಜಾಸ್ತಿ. ಮೂರು ಗಂಟೆ, 300 ಅಂಕ. ಬೋಧನೆ, ಸಂಶೋಧನೆ, ತರ್ಕ ಕುರಿತ ಮೊದಲ ಪತ್ರಿಕೆಯಲ್ಲಿ 50 ಪ್ರಶ್ನೆ, ನಿಮ್ಮ ವಿಷಯದ ಎರಡನೆಯದರಲ್ಲಿ 100, ಪ್ರಶ್ನೆಗೆ ಎರಡು ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ. ಸಾಮಾನ್ಯ ವರ್ಗದವರಿಗೆ 40, ಮೀಸಲು ವರ್ಗದವರಿಗೆ 35 ಪರ್ಸೆಂಟ್ ಬಂದರೆ ಸಾಲಿನಲ್ಲಿ ನಿಲ್ಲಬಹುದು, ಪಾಸಾದಂತಲ್ಲ. ಪರೀಕ್ಷೆ ಬರೆದವರಲ್ಲಿ ನೂರಕ್ಕೆ ಆರು ಜನರನ್ನಷ್ಟೇ ಆರಿಸುತ್ತಾರೆ. ವಯಸ್ಸಿನ ಮಿತಿ ಇಲ್ಲ, ಒಮ್ಮೆ ಪಾಸಾದರೆ ಸರ್ಟಿಫಿಕೇಟು ಜೀವನಪೂರ್ತಿ ನಡೆಯುತ್ತೆ. ರಾಜ್ಯದ ಹೊರಗೆ ಮಾತ್ರ ನಡೆಯಲ್ಲ. ನೀವು ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋದರೂ ರಾಜ್ಯದೊಳಗೇ ಇರುತ್ತೀರಿ, ಚಿಂತೆ ಬೇಡ.

ಒಂದು ತೊಂದರೆ ಇದೆ. 2024ರ ಕೆ-ಸೆಟ್ ನಡೆದದ್ದು ನವೆಂಬರ್ 24ಕ್ಕೆ. ನಮ್ಮ ಕಡೆ ಅದು ಸರಿಯಾಗಿ ಕೊನೆ ಕೊಯ್ಲಿನ ಹೊತ್ತು. ಮನೆ ತುಂಬ ಅಡಿಕೆ ಸುಲಿಯುವವರು, ಒಲೆ ಮೇಲೆ ಹಂಡೆ, ಆ ಗಲಾಟೆಯಲ್ಲಿ ಓದಲು ಆಗದು. ಮಳೆಗಾಲದ ಮೂರು ತಿಂಗಳಲ್ಲೇ ಓದು ಮುಗಿಸಿಕೊಳ್ಳಿ. ಹಳೇ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿ. ನಿಮ್ಮಂಥವರು ಎಡವುವುದು ಲೆಕ್ಕಶಾಸ್ತ್ರದಲ್ಲಲ್ಲ, ಮೊದಲ ಪತ್ರಿಕೆಯಲ್ಲಿ.

ನೆಟ್ ಕೂಡ ಬರೆಯುವುದಾದರೆ ಫಲಿತಾಂಶದ ಚೀಟಿಯನ್ನು ಕಣ್ಣಿಟ್ಟು ಓದಿ. 2024ರಿಂದ ‘ಪಿಎಚ್‌.ಡಿ. ಪ್ರವೇಶಕ್ಕೆ ಮಾತ್ರ’ ಎಂಬ ಮೂರನೇ ದರ್ಜೆ ಬಂದಿದೆ. ಅದರಲ್ಲಿ ಪಾಸಾದರೆ ಪಾಠಕ್ಕೆ ಅರ್ಹತೆ ಬಂದಂತಲ್ಲ. ಊರಿಗೆಲ್ಲ ಸಿಹಿ ಹಂಚಿ ಆಮೇಲೆ ಪೆಚ್ಚಾದವರನ್ನು ನೋಡಿದ್ದೇನೆ.

ಇನ್ನು ದುಡ್ಡು. ಒಂದು ಪಾಠಕ್ಕೆ 1,500 ರೂಪಾಯಿ, ತಿಂಗಳಿಗೆ 50,000 ಮೀರದಂತೆ ಅಂತ ಯುಜಿಸಿ ಅದೇ 2019ರಲ್ಲಿ ಹೇಳಿತ್ತು. ಈ ಅಂಕಿಯನ್ನು ನಮ್ಮ ತಾಲೂಕುಗಳ ಖಾಸಗಿ ಕಾಲೇಜಿನ ಆಡಳಿತ ಮಂಡಳಿ ಮುಂದೆ ಹೇಳಿದರೆ ಕಾಫಿ ಕೊಟ್ಟು ಕಳಿಸುತ್ತಾರೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ 2022ರ ಜನವರಿಯಲ್ಲಿ ಗೌರವಧನ ಏರಿಸಿದಾಗ, ಐದು ವರ್ಷಕ್ಕಿಂತ ಕಮ್ಮಿ ಸೇವೆಯವರಿಗೆ ಯುಜಿಸಿ ಅರ್ಹತೆ ಇದ್ದರೆ 30,000, ಇಲ್ಲದಿದ್ದರೆ 26,000 ಮಾಡಿದ್ದರು. ಆದರೆ ಅದು ವಾರಕ್ಕೆ 15 ಗಂಟೆಯ ಪಾಠ. ನೀವು ಕೇಳಿದ ಎರಡು ಮೂರು ದಿನದಲ್ಲಿ ಅದು ಮುಗಿಯೋದು ಕಷ್ಟ. ಈಗಿನ ಕೆಲಸ ಬಿಡದೆ ಪಾಠ ಮಾಡಬೇಕು ಅಂದರೆ ನಿಮಗೆ ಖಾಸಗಿ ಕಾಲೇಜೇ ಸರಿ. ಅಲ್ಲಿ ಜಿಎಸ್‌ಟಿ ಕೈಯಾರೆ ಮಾಡಿ ಗೊತ್ತಿರುವವರು ಬೇಕೇ ಬೇಕು. ಕೆ-ಸೆಟ್ ಆಗುವ ಮೊದಲೇ ಎಂ.ಕಾಂ. ಮೇಲೆ ತಗೊಳ್ಳುವವರೂ ಸಿಗುತ್ತಾರೆ. ತಗೊಂಡ ಮಾತ್ರಕ್ಕೆ ಅರ್ಹತೆ ಬಂತು ಅಂದುಕೊಳ್ಳಬೇಡಿ.

ಇಲ್ಲಿ ನನ್ನದೇ ಕಥೆ ಹೇಳಬೇಕು. ಮಾನಸಗಂಗೋತ್ರಿಯಲ್ಲಿ ಎಂ.ಕಾಂ. ಮುಗಿಸಿ 1987ರಲ್ಲಿ ನಾನು ಅರೆಕಾಲಿಕ ಆಗಿ ಸೇರಿದೆ. ನಮ್ಮ ಜಿಲ್ಲೆಗೆ ಕುವೆಂಪು ವಿಶ್ವವಿದ್ಯಾಲಯ ಬಂದ ವರ್ಷ ಅದು. ನೆಟ್ ಅನ್ನೋದೇ ಇರಲಿಲ್ಲ, ಅದು ಶುರುವಾಗಿದ್ದು 1989ರಲ್ಲಿ. ಒಂದು ಕಾಲೇಜಿನಲ್ಲಿ ಮೂರು ವರ್ಷ ಪಾಠ ಮಾಡಿದೆ. ಸಂಬಳ ಕವರಿನಲ್ಲಿ ಕೊಡುತ್ತಿದ್ದರು, ರೆವಿನ್ಯೂ ಸ್ಟ್ಯಾಂಪ್ ಮೇಲೆ ಸಹಿ. ಮುಂದೆ ಬೇರೆ ಕಡೆ ಅರ್ಜಿ ಹಾಕುವಾಗ ಸೇವಾ ಪ್ರಮಾಣಪತ್ರ ಕೇಳಿದರೆ, ಗುಮಾಸ್ತರು ರಿಜಿಸ್ಟರ್ ತಿರುವಿ ‘ನಿಮ್ಮ ಹೆಸರೇ ಇಲ್ವಲ್ಲ ಸರ್’ ಅಂದರು. ನಾನು ಪಾಠ ಮಾಡಿದ ಹುಡುಗನೇ ಪಕ್ಕದಲ್ಲಿ ನಿಂತಿದ್ದ! ಮೂರು ವರ್ಷ ನೀರಲ್ಲಿ ಹೋಯಿತು. ಹಾಗಾಗಿ ನೇಮಕಾತಿ ಪತ್ರ ಕೈಗೆ ಬಾರದೆ ಚಾಕ್‌ಪೀಸು ಹಿಡಿಯಬೇಡಿ. ಸಂಬಳ ಬ್ಯಾಂಕಿಗೇ ಬರಲಿ. ಪ್ರತಿ ವರ್ಷ ಕೊನೆಗೆ ಪ್ರಮಾಣಪತ್ರ ಬರೆಸಿಕೊಳ್ಳಿ, ಪ್ರಿನ್ಸಿಪಾಲರು ಬದಲಾಗುವ ಮೊದಲು.

ಆದರೂ ಆ ಮೂರು ವರ್ಷದಲ್ಲಿ ಒಂದು ವಿದ್ಯೆ ಕಲಿತೆ. ಕನ್‌ಸೈನ್‌ಮೆಂಟ್ ಅಕೌಂಟ್ಸ್ ಪಾಠ, ಅಂದರೆ ಮಾರಿಕೊಡಲು ಇನ್ನೊಬ್ಬರಿಗೆ ಕಳಿಸಿದ ಸರಕಿನ ಲೆಕ್ಕ. ಪುಸ್ತಕದಲ್ಲಿ ಬಾಂಬೆಯ ಯಾರೋ ಕಲ್ಕತ್ತದ ಯಾರಿಗೋ ಹತ್ತಿ ಕಳಿಸುತ್ತಾನೆ. ಎರಡು ದಿನ ಹೇಳಿದರೂ ಹುಡುಗರ ಮುಖ ಕಲ್ಲು. ಮೂರನೇ ದಿನ ಕೇಳಿದೆ: ‘ನಿಮ್ಮಪ್ಪ ಮಂಡಿಗೆ ರಾಶಿ ಅಡಿಕೆ ಹಾಕಿ ಬರ್ತಾರಲ್ಲ, ಮಾರಾಟ ಆಗೋವರೆಗೆ ಆ ಅಡಿಕೆ ಯಾರದು?’ ಹಿಂದಿನ ಬೆಂಚಿನವನು ಎದ್ದು ‘ನಮ್ದೇ ಸರ್’ ಅಂದ. ಮಂಡಿಯವರು ಕಮಿಷನ್ ಮುರ್ಕೋತಾರೆ, ಹಮಾಲಿ ಮುರ್ಕೋತಾರೆ, ಅಪ್ಪ ಮೊದಲೇ ತಂದ ಮುಂಗಡ ಮುರ್ಕೋತಾರೆ, ಉಳಿದದ್ದು ಪಟ್ಟಿ ಬರೆದು ಕೊಡ್ತಾರೆ ಅಂತ ಒಂದೇ ಉಸಿರಲ್ಲಿ ಹೇಳಿದ. ಪಾಠ ಪೂರ್ತಿ ಅವನೇ ಮಾಡಿ ಮುಗಿಸಿದ. ಡೆಮೊ ಕ್ಲಾಸಿಗೆ ಕರೆದರೆ ಸ್ಲೈಡು ಗೀಡು ಬೇಡ, ನಿಮ್ಮ ತೋಟದ ಅಡಿಕೆಯ ಒಂದು ಮಂಡಿ ಪಟ್ಟಿ ತಗೊಂಡು ಹೋಗಿ.

ಪ್ರಶ್ನೆ: ನಾನು ಸಿಎ. ಸ್ನಾತಕೋತ್ತರ ಪದವಿ ಇಲ್ಲ. ಬಿಬಿಎ, ಎಂಬಿಎ ಮಕ್ಕಳಿಗೆ ಪಾಠ ಮಾಡಬಹುದೇ?
— ಓದುಗ, ಶಿವಮೊಗ್ಗ

ಉತ್ತರ: ಮಾಡಬಹುದು. ಸಿಎ, ಸಿಎಸ್ (ಕಂಪನಿ ಸೆಕ್ರೆಟರಿ), ಐಸಿಡಬ್ಲ್ಯುಎ (ಕಾಸ್ಟ್ ಅಕೌಂಟೆನ್ಸಿ) ಮೂರೂ ಸ್ನಾತಕೋತ್ತರ ಪದವಿಗೆ ಸಮ ಅಂತ 2021ರಲ್ಲಿ ಯುಜಿಸಿ ಒಪ್ಪಿದೆ, ಹಾಗಾಗಿ ನೆಟ್ ಬರೆಯಬಹುದು. ಎಂಬಿಎಗೆ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ 2019ರ ನಿಯಮವೂ ಸಿಎ ಆದವರನ್ನು ಒಪ್ಪುತ್ತದೆ, ಆದರೆ ಅದಾದ ಮೇಲೆ ಎರಡು ವರ್ಷದ ವೃತ್ತಿ ಅನುಭವ ಇರಬೇಕು. 2024–25ರಿಂದ ಬಿಬಿಎ ಕೂಡ ಎಐಸಿಟಿಇ ಕೆಳಗೆ ಬಂದಿದೆ. ಸೆಪ್ಟೆಂಬರ್‌ನಲ್ಲಿ ಮಾತ್ರ ಕ್ಲಾಸು ಒಪ್ಪಿಕೊಳ್ಳಬೇಡಿ. ಆಡಿಟ್ ಗಡಿಬಿಡಿಯಲ್ಲಿ ಮಕ್ಕಳನ್ನು ಕಾಯಿಸಿದರೆ ಬೈಸಿಕೊಳ್ಳುವುದು ಪ್ರಿನ್ಸಿಪಾಲರು.

ಪ್ರಶ್ನೆ: ಬ್ಯಾಂಕಿನಲ್ಲಿ 32 ವರ್ಷ ದುಡಿದು ನಿವೃತ್ತನಾದೆ. ಬರೀ ಬಿ.ಎಸ್ಸಿ. ಕಾಲೇಜಿನಲ್ಲಿ ಕರೆಯುತ್ತಾರಾ?
— ಓದುಗ, ತೀರ್ಥಹಳ್ಳಿ

ಉತ್ತರ: ನಿಮಗೊಂದು ಬೇರೆ ದಾರಿಯೇ ಇದೆ. 2022ರಲ್ಲಿ ಯುಜಿಸಿ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಎಂಬ ಹುದ್ದೆಗೆ ಮಾರ್ಗಸೂಚಿ ತಂದಿತು. ಡಿಗ್ರಿಯ ಹಟ ಇಲ್ಲ, ತಮ್ಮ ಕ್ಷೇತ್ರದಲ್ಲಿ 15 ವರ್ಷದ ಅನುಭವ ಬೇಕು, ಹಿರಿಯ ಹುದ್ದೆಯಲ್ಲಿದ್ದವರಾದರೆ ಒಳ್ಳೆಯದು. ಮೊದಲು ಒಂದು ವರ್ಷಕ್ಕೆ ತಗೊಳ್ಳುತ್ತಾರೆ, ಎಷ್ಟು ಎಳೆದರೂ ನಾಲ್ಕು ವರ್ಷ. ಮಂಜೂರಾದ ಹುದ್ದೆಗಳಲ್ಲಿ ನೂರಕ್ಕೆ ಹತ್ತನ್ನು ಮೀರುವಂತಿಲ್ಲವಾದ್ದರಿಂದ ಸಣ್ಣ ಕಾಲೇಜುಗಳಲ್ಲಿ ಜಾಗ ಹುಟ್ಟುವುದೇ ಕಷ್ಟ. ನೀವೇ ಒಂದು ಪುಟದ ಪತ್ರ ಬರೆದುಕೊಂಡು ಪ್ರಿನ್ಸಿಪಾಲರನ್ನು ಕಂಡು ಬನ್ನಿ. ಅಡಿಕೆ ಬೆಳೆಗಾರರಿಗೆ ಬೆಳೆಸಾಲ ಕೊಡುವಾಗ ಏನೇನು ನೋಡುತ್ತಿದ್ದಿರಿ, ಯಾವ ಸಾಲ ಮುಳುಗಿತು, ಯಾಕೆ ಮುಳುಗಿತು ಅನ್ನೋದನ್ನು ಅದರಲ್ಲಿ ಬರೆಯಿರಿ. ಸನ್ಮಾನದ ಫೋಟೋ ಲಗತ್ತಿಸಬೇಡಿ.