‘ಜಾರಿ ಬಿದ್ದದ್ದು’ ಎಂದು ಬರೆದ ಆಸ್ಪತ್ರೆ ಚೀಟಿಯ ಬಗ್ಗೆ

ಗಂಡನ ಮನೆಯಲ್ಲಿ ಹೊಡೆತ ತಿಂದು ಕೈ ಮುರಿದಿದ್ದರೂ ನಿಮ್ಮ ತಂಗಿಯ ಆಸ್ಪತ್ರೆ ಚೀಟಿಯಲ್ಲಿ ‘ಬಚ್ಚಲಲ್ಲಿ ಜಾರಿ ಬಿದ್ದದ್ದು’ ಎಂದಿದೆ, ಈಗ ಏನು ಮಾಡಬಹುದು ಎಂದು ಕೇಳಿದ್ದೀರಿ. ಹಾಗೆ ಬರೆದಿರುವುದಕ್ಕೆ, ಗಾಯ ಹೇಗಾಯಿತೆಂಬ ಪ್ರಶ್ನೆಯನ್ನು ಗಂಡನ ಎದುರಿನಲ್ಲೇ ಕೇಳಿದ್ದು ಕಾರಣವಿರಬೇಕು. ತುರ್ತು ಚಿಕಿತ್ಸಾ ವಿಭಾಗದ ಶುಶ್ರೂಷಕಿಯಾಗಿ ಇದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಪೊಲೀಸ್ ದೂರಿಲ್ಲದೆ ಆಸ್ಪತ್ರೆ ಏನೂ ಮಾಡದೆಂದು ನಿಮಗೆ ಹೇಳಿದ್ದು ಸರಿಯಲ್ಲ.

ನೀಲಿಗಟ್ಟಿದ ಗುರುತುಗಳು ಮಾಸುವ ಮೊದಲೇ, ಗಂಡನ ಮನೆಯವರಾರೂ ಜೊತೆಗಿಲ್ಲದಾಗ, ತಂಗಿಯನ್ನು ಅದೇ ಆಸ್ಪತ್ರೆಗೋ ಜಿಲ್ಲಾಸ್ಪತ್ರೆಗೋ ಕರೆದೊಯ್ಯಿರಿ. ವೈದ್ಯರೊಡನೆ ಒಬ್ಬರೇ ಮಾತಾಡಬೇಕೆಂದು ತಂಗಿಯೇ ಕೇಳಿಕೊಂಡು, ಯಾರು, ಯಾವಾಗ, ಯಾವುದರಿಂದ ಹೊಡೆದರೆಂಬುದನ್ನು ತಮ್ಮ ಮಾತಿನಲ್ಲೇ ಬರೆಸಲಿ. ಹಳೆಯ ಗಾಯಗಳನ್ನೂ ತೋರಿಸಲಿ, ಏಕೆಂದರೆ ಬೇರೆ ಬೇರೆ ಕಾಲದ ಗಾಯಗಳು ಒಂದೇ ಮೈಮೇಲಿದ್ದರೆ ‘ಜಾರಿ ಬಿದ್ದದ್ದು’ ಎಂಬ ಮಾತು ನಿಲ್ಲುವುದು ಕಷ್ಟ. ಮೊದಲ ಬರಹವನ್ನು ಅಳಿಸಲು ಒತ್ತಾಯಿಸಬೇಡಿ, ದಿನಾಂಕ ಸಹಿತ ಹೊಸ ಟಿಪ್ಪಣಿ ಕೇಳಿ. ಎಂಎಲ್‌ಸಿ (ಹಲ್ಲೆಯಂಥ ಗಾಯಗಳಿಗೆ ಆಸ್ಪತ್ರೆ ಬರೆದುಕೊಳ್ಳುವ ವೈದ್ಯಕೀಯ-ಕಾನೂನು ಪ್ರಕರಣ) ದಾಖಲಾದರೆ ಪೊಲೀಸರಿಗೆ ಮಾಹಿತಿ ಹೋಗುತ್ತದೆ. ಇದನ್ನು ತಂಗಿಗೆ ಮೊದಲೇ ತಿಳಿಸಿ, ಆ ರಾತ್ರಿ ಎಲ್ಲಿ ಉಳಿಯುವರೆಂಬುದನ್ನು ನಿಶ್ಚಯಿಸಿಕೊಳ್ಳಿ.

ಯಾರಾದರೂ ನಿರಾಕರಿಸಿದರೆ, 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯ 7ನೇ ಪ್ರಕರಣವನ್ನೂ 2006ರ ನಿಯಮಾವಳಿಯ 17ನೇ ನಿಯಮವನ್ನೂ ಹೆಸರಿಸಿ ಕೇಳಿ. ಅವುಗಳ ಪ್ರಕಾರ ಕೌಟುಂಬಿಕ ಘಟನಾ ವರದಿ (ನಡೆದ ಹಿಂಸೆಯನ್ನು ದಾಖಲಿಸುವ ನಮೂನೆ) ಇಲ್ಲವೆಂದು ಚಿಕಿತ್ಸೆ ನಿರಾಕರಿಸುವಂತಿಲ್ಲ, ಆ ವರದಿಯನ್ನು ಆಸ್ಪತ್ರೆಯೇ ತುಂಬಿ ಸಂರಕ್ಷಣಾಧಿಕಾರಿಗೆ (ಹಿಂಸೆಗೊಳಗಾದವರಿಗೆ ನೆರವಾಗಲು ಈ ಕಾಯ್ದೆಯಡಿ ನೇಮಕವಾದ ಅಧಿಕಾರಿ) ಕಳುಹಿಸಬೇಕು, ವೈದ್ಯಕೀಯ ಪರೀಕ್ಷಾ ವರದಿಯ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಆ ಪ್ರತಿ ನಿಮ್ಮ ಮನೆಯಲ್ಲಿರಲಿ, ತಂಗಿಯ ಗಂಡನ ಮನೆಯಲ್ಲಿ ಬೇಡ.

ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿಗಳು. ಅವರನ್ನೋ ಹಿಂಸೆಗೊಳಗಾದ ಮಹಿಳೆಯರಿಗೆ ನೆರವು ನೀಡುವ ಜಿಲ್ಲೆಯ ಸಖಿ ಕೇಂದ್ರವನ್ನೋ ತಲುಪಲು 181ಕ್ಕೆ ಕರೆ ಮಾಡಿ. ಈಗಲೇ ಅಪಾಯವಿದ್ದರೆ 112.