ವಿಕಾಸವನ್ನು ಕಣ್ಣಾರೆ ಕಂಡವರು ಇದ್ದಾರಾ? ನಮ್ಮ ಕಾಫಿ ತೋಟಗಳ ಕಡೆಯಿಂದ ಒಂದು ಉತ್ತರ

ನೀವು ಒಂದೇ ಉಸಿರಿಗೆ ಮೂರು ಪ್ರಶ್ನೆ ಕೇಳಿದ್ದೀರಿ. ಡಾರ್ವಿನ್ ಹೇಳಿದ ವಿಕಾಸವನ್ನು ಯಾರಾದರೂ ಕಣ್ಣಾರೆ ಕಂಡಿದ್ದಾರಾ? ಕೋತಿಯಿಂದ ಮನುಷ್ಯ ಬಂದಿದ್ದರೆ ಕೋತಿಗಳು ಇನ್ನೂ ಯಾಕಿವೆ? ದೇವರನ್ನು ನಂಬುವವರು ಇದನ್ನು ಒಪ್ಪಬಹುದಾ? ಮಡಿಕೇರಿಯಲ್ಲಿ ಪಿಯುಸಿ ಓದುತ್ತಿದ್ದೇನೆ, ಮನೆಯಲ್ಲಿ ಕಾಫಿ ತೋಟ ಇದೆ ಅಂತಲೂ ಬರೆದಿದ್ದೀರಿ. ನಾನು ಸೋಮವಾರಪೇಟೆ ಕಡೆ ಅರೇಬಿಕಾ ಕಾಫಿ ಬೆಳೆಯುವವನು. ಹಾಗಾಗಿ ತೋಟದಿಂದಲೇ ಶುರು ಮಾಡುತ್ತೇನೆ.

ಮಳೆಗಾಲ ಕಳೆಯುವ ಹೊತ್ತಿಗೆ ಅರೇಬಿಕಾ ಗಿಡದ ಎಲೆ ಮಗುಚಿ ನೋಡಿ. ಕಿತ್ತಳೆ ಬಣ್ಣದ ಪುಡಿ ಬೆರಳಿಗೆ ಅಂಟುತ್ತದೆ. ಅದೇ ಎಲೆ ತುಕ್ಕು, ನಾವೆಲ್ಲ ರಸ್ಟ್ ಅನ್ನುವ ರೋಗ. ಹೆಮಿಲಿಯಾ ವಾಸ್ಟಾಟ್ರಿಕ್ಸ್ ಎನ್ನುವ ಶಿಲೀಂಧ್ರದಿಂದ ಬರುತ್ತದೆ. ಡಾರ್ವಿನ್ ಪುಸ್ತಕ ಬಂದದ್ದು 1859ರಲ್ಲಿ. ಸರಿಯಾಗಿ ಹತ್ತು ವರ್ಷಕ್ಕೆ, 1869ರಲ್ಲಿ, ಸಿಲೋನಿನ (ಈಗಿನ ಶ್ರೀಲಂಕಾ) ತೋಟಗಳಿಂದ ಬಂದ ಎಲೆಗಳನ್ನು ನೋಡಿ ಈ ಶಿಲೀಂಧ್ರವನ್ನು ವಿವರಿಸಿ ಹೆಸರಿಟ್ಟವರಲ್ಲಿ ಮೈಲ್ಸ್ ಬರ್ಕ್ಲಿ ಒಬ್ಬರು. ಅವರು ಇಂಗ್ಲೆಂಡಿನ ಪಾದ್ರಿ. ಬೀಗಲ್ ಹಡಗಿನ ಯಾನದಲ್ಲಿ ಡಾರ್ವಿನ್ ಕೂಡಿಸಿ ತಂದಿದ್ದ ಅಣಬೆಗಳನ್ನು ಪರೀಕ್ಷಿಸಿದವರೂ ಅವರೇ. ಮುಂದೆ ಕೆಲವೇ ವರ್ಷಗಳಲ್ಲಿ ಸಿಲೋನಿನ ಕಾಫಿ ನೆಲಕಚ್ಚಿತು. ಅಲ್ಲಿನವರು ಚಹಾಕ್ಕೆ ತಿರುಗಿದರು. ರೋಗ ನಮ್ಮ ಕಡೆಗೂ ಬಂತು.

ಆಮೇಲೆ ನಮ್ಮಲ್ಲಿ ನಡೆದದ್ದನ್ನು ಗಮನವಿಟ್ಟು ಓದಿ. ಬಾಬಾಬುಡನ್ ಗಿರಿಯ ಕಾಲದಿಂದ ಇದ್ದ ‘ಚಿಕ್’ ತಳಿ ಸೋತಿತು. ಅದರ ಜಾಗಕ್ಕೆ ‘ಕೂರ್ಗ್’ ಅನ್ನುವ ತಳಿ ಬಂತು. ಅದೂ ಸೋತಿತು. 1911ರಲ್ಲಿ ಮೈಸೂರು ಸೀಮೆಯ ಬೆಳೆಗಾರ ಕೆಂಟ್, ರಸ್ಟ್ ತಾಗದ ಗಿಡವನ್ನು ಗುರುತಿಸಿ ಅದರ ಬೀಜ ಮಾಡಿದರು. ‘ಕೆಂಟ್ಸ್’ ಎಲ್ಲ ಕಡೆ ಹರಡಿತು. ಕೆಲವು ವರ್ಷ ಚೆನ್ನಾಗಿತ್ತು, ಆಮೇಲೆ ಅದಕ್ಕೂ ರಸ್ಟ್ ಬಂತು. 1940ರ ದಶಕದಲ್ಲಿ ಎಸ್ 795 ಬಂತು. ಅದರಲ್ಲಿ ಲೈಬೀರಿಕಾ ಕಾಫಿಯಿಂದ ಬಂದ ನಿರೋಧಕ ಜೀನ್ ಇತ್ತು. ಈಗ ಎಸ್ 795ಕ್ಕೂ ರಸ್ಟ್ ಬರುತ್ತದೆ ಅನ್ನುವುದು ನಿಮ್ಮ ಮನೆಯವರಿಗೇ ಗೊತ್ತಿರುತ್ತದೆ. 1980ರ ದಶಕದಲ್ಲಿ ‘ಕಾವೇರಿ’ ಬಂದಾಗ ಇನ್ನು ಔಷಧಿ ಹೊಡೆಯುವ ಕಷ್ಟ ತಪ್ಪಿತು ಅಂದುಕೊಂಡವರು ಎಷ್ಟೋ ಜನ. ಅದಕ್ಕೂ ಬಂತು. 2007ರಲ್ಲಿ ‘ಚಂದ್ರಗಿರಿ’ ಬಿಡುಗಡೆಯಾಯಿತು.

ಪ್ರತಿ ಸಲ ಒಂದು ತಳಿ ಸೋತಾಗಲೂ ಆ ತಳಿಯ ಗಿಡ ಅದೇ, ಜೀನ್ ಅದೇ. ಬದಲಾದದ್ದು ಶಿಲೀಂಧ್ರ. ಇದನ್ನು ಪ್ರಯೋಗ ಮಾಡಿ ತೋರಿಸಿದ್ದು ನಮ್ಮ ಪಕ್ಕದ ಬಾಳೆಹೊನ್ನೂರಿನಲ್ಲಿ. ಅಲ್ಲಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ ವಿಲ್ಸನ್ ಮೇನ್ ಎಂಬ ವಿಜ್ಞಾನಿ 1930ರ ದಶಕದ ಆರಂಭದಲ್ಲಿ ರಸ್ಟ್ ಪುಡಿಯನ್ನು ಬೇರೆ ಬೇರೆ ತಳಿಯ ಎಲೆಗಳ ಮೇಲೆ ಹಾಕಿ ನೋಡಿದರು. ನೋಡಲು ಎಲ್ಲ ಪುಡಿಯೂ ಒಂದೇ ಥರ. ಆದರೆ ಒಂದು ಪುಡಿ ಕೆಂಟ್ಸ್ ಎಲೆಗೆ ಹತ್ತುತ್ತದೆ, ಇನ್ನೊಂದು ಹತ್ತುವುದಿಲ್ಲ. ಅಂದರೆ ಒಂದೇ ರೋಗದ ಒಳಗೆ ಬೇರೆ ಬೇರೆ ಪಂಗಡಗಳಿವೆ. ರೇಸ್ ಅಂತ ಅವುಗಳನ್ನು ಕರೆಯುತ್ತಾರೆ. ಕಾಫಿ ರಸ್ಟ್‌ನಲ್ಲಿ ರೇಸ್‌ಗಳಿವೆ ಅಂತ ಜಗತ್ತಿಗೆ ಗೊತ್ತಾದದ್ದು ಈ ಕೆಲಸದಿಂದ.

ತೋಟದಲ್ಲಿ ನಾವು ‘ರೋಗ ಗಿಡಕ್ಕೆ ಒಗ್ಗಿಕೊಂಡಿತು’ ಅಂತ ಸುಮ್ನೆ ಹೇಳಿಬಿಡುತ್ತೇವೆ. ಪರೀಕ್ಷೆಯಲ್ಲಿ ಹಾಗೆ ಬರೆಯಬೇಡಿ. ಯಾವ ಬೀಜಕವೂ (ಆ ಕಿತ್ತಳೆ ಪುಡಿಯ ಒಂದೊಂದು ಕಣ) ಏನನ್ನೂ ಕಲಿಯಲಿಲ್ಲ. ಒಂದು ತೋಟದಲ್ಲಿ ಲೆಕ್ಕವಿಲ್ಲದಷ್ಟು ಬೀಜಕಗಳು ಹುಟ್ಟುತ್ತವೆ. ಜೀನ್ ನಕಲಾಗುವಾಗ ಅಲ್ಲೊಂದು ಇಲ್ಲೊಂದು ವ್ಯತ್ಯಾಸ ಆಗುತ್ತದೆ. ಬಹುಪಾಲು ವ್ಯತ್ಯಾಸದಿಂದ ಏನೂ ಆಗುವುದಿಲ್ಲ, ಕೆಲವು ಕೆಡುಕು ಮಾಡುತ್ತವೆ. ಆದರೆ ತೋಟದ ತುಂಬ ಕೆಂಟ್ಸ್ ಗಿಡವೇ ಇರುವಾಗ, ಆ ಗಿಡದ ಕಾವಲನ್ನು ದಾಟಬಲ್ಲ ಒಂದು ಬೀಜಕ ಹುಟ್ಟಿದರೆ ಸಾಕು. ಉಳಿದವಕ್ಕೆ ಊಟವಿಲ್ಲ, ಅದಕ್ಕೆ ಇಡೀ ತೋಟವೇ ಊಟ. ಅದರ ಮರಿಗಳಿಗೂ ಅದೇ ಗುಣ ಬರುತ್ತದೆ. ಕೆಲವು ವರ್ಷ ಕಳೆದರೆ ತೋಟದಲ್ಲಿರುವ ಪುಡಿಯೆಲ್ಲ ಅದರ ಸಂತಾನವೇ. ಒಂದೊಂದು ಜೀವಿ ಹಾಗೇ ಇರುತ್ತದೆ, ಗುಂಪು ಬದಲಾಗುತ್ತದೆ. ವ್ಯತ್ಯಾಸ ಹುಟ್ಟುವುದು, ಅದು ಮಕ್ಕಳಿಗೆ ದಾಟುವುದು, ಆ ವ್ಯತ್ಯಾಸದಿಂದಾಗಿ ಕೆಲವರ ಸಂತಾನ ಜಾಸ್ತಿ ಉಳಿಯುವುದು. ನೈಸರ್ಗಿಕ ಆಯ್ಕೆ ಅಂದರೆ ಇಷ್ಟೇ.

ಇಲ್ಲಿ ಒಂದು ಸೂಕ್ಷ್ಮ ಇದೆ, ನನಗೆ ಬಹಳ ಇಷ್ಟವಾದದ್ದು. ಮೈಲುತುತ್ತ, ಸುಣ್ಣ ಕಲಸಿ ಹೊಡೆಯುವ ಬೋರ್ಡೋ ದ್ರಾವಣ ಇಷ್ಟು ವರ್ಷವಾದರೂ ಕೆಲಸ ಮಾಡುತ್ತಲೇ ಇದೆ. ತಳಿಗಳು ಸೋತವು, ತಾಮ್ರ ಸೋಲಲಿಲ್ಲ. ಯಾಕೆ? ತಾಮ್ರ ಶಿಲೀಂಧ್ರದ ಜೀವಕೋಶದಲ್ಲಿ ಒಂದೇ ಏಟಿಗೆ ಹತ್ತಾರು ಕಡೆ ಹೊಡೆಯುತ್ತದೆ. ಅದರಿಂದ ತಪ್ಪಿಸಿಕೊಳ್ಳಲು ಒಟ್ಟೊಟ್ಟಿಗೆ ಹಲವು ವ್ಯತ್ಯಾಸ ಬೇಕು, ಅದು ಆಗುವುದು ತೀರಾ ಅಪರೂಪ. ಒಂದೇ ಜೀನ್ ನಂಬಿಕೊಂಡ ತಳಿಯನ್ನು ದಾಟಲು ಒಂದು ವ್ಯತ್ಯಾಸ ಸಾಕು. ಯಾವುದು ಬೇಗ ಸೋಲುತ್ತದೆ, ಯಾವುದು ತಡೆಯುತ್ತದೆ ಅಂತ ಮೊದಲೇ ಅಂದಾಜು ಮಾಡಲು ಈ ಸಿದ್ಧಾಂತ ದಾರಿ ಕೊಡುತ್ತದೆ. ನಿಮ್ಮ ಮನೆಯವರು ಹೊಸದಾಗಿ ಗಿಡ ನೆಡುವವರಿದ್ದರೆ ಇಡೀ ತೋಟಕ್ಕೆ ಒಂದೇ ತಳಿ ಹಾಕಬೇಡಿ ಅಂತ ಹೇಳಿ.

ಇದು ಬರೀ ಬೂಷ್ಟಿನ ಕಥೆಯಾಯಿತು, ದೊಡ್ಡ ಪ್ರಾಣಿಗಳಲ್ಲಿ ಆಗುತ್ತದಾ ಅಂತ ಕೇಳಬಹುದು. ಆಗುತ್ತದೆ. ಮೊಜಾಂಬಿಕ್ ದೇಶದ ಗೊರೊಂಗೋಸಾ ಕಾಡನ್ನು ನೋಡಿ. 1977ರಿಂದ 1992ರವರೆಗೆ ಅಲ್ಲಿ ಅಂತರ್ಯುದ್ಧ. ದಂತಕ್ಕಾಗಿ ಹತ್ತರಲ್ಲಿ ಒಂಬತ್ತು ಆನೆಗಳನ್ನು ಕೊಂದರು. ಆಫ್ರಿಕಾದಲ್ಲಿ ಹೆಣ್ಣಾನೆಗೂ ದಂತ ಇರುತ್ತದೆ. ಯುದ್ಧಕ್ಕೆ ಮೊದಲು ದಂತವಿಲ್ಲದ ಹೆಣ್ಣಾನೆಗಳು ಶೇ. 18ರ ಆಸುಪಾಸು ಇದ್ದವು, ಆಮೇಲೆ ಸುಮಾರು ಅರ್ಧಕ್ಕೆ ಏರಿದವು. ದಂತವಿಲ್ಲದ್ದನ್ನು ಬೇಟೆಗಾರ ಬಿಟ್ಟ. ಅವು ಉಳಿದು ಮರಿ ಹಾಕಿದವು. ಯುದ್ಧ ಮುಗಿದ ಮೇಲೆ ಹುಟ್ಟಿದ ಹೆಣ್ಣುಮರಿಗಳಲ್ಲೂ ದಂತವಿಲ್ಲದವು ಮೊದಲಿಗಿಂತ ಜಾಸ್ತಿ. ಕಾರಣವಾದ ಜೀನ್‌ಗಳನ್ನೂ ಹುಡುಕಿ 2021ರಲ್ಲಿ ಪ್ರಕಟಿಸಿದರು. ಹಾಗೆಯೇ ಗ್ಯಾಲಪಗೋಸ್‌ನ ಒಂದು ಪುಟ್ಟ ದ್ವೀಪದಲ್ಲಿ ಗ್ರಾಂಟ್ ದಂಪತಿ 1973ರಿಂದ ಫಿಂಚ್ ಹಕ್ಕಿಗಳ ಕೊಕ್ಕು ಅಳೆಯುತ್ತಾ ಬಂದರು. 1977ರ ಬರದಲ್ಲಿ ಸಣ್ಣ ಬೀಜ ಖಾಲಿಯಾಗಿ, ಗಟ್ಟಿ ಬೀಜ ಒಡೆಯಬಲ್ಲ ದಪ್ಪ ಕೊಕ್ಕಿನವು ಹೆಚ್ಚು ಉಳಿದವು. ಮುಂದಿನ ಪೀಳಿಗೆಯ ಕೊಕ್ಕು ಸರಾಸರಿಯಲ್ಲಿ ದಪ್ಪವಾಯಿತು.

ಇಲ್ಲಿಗೆ ನಿಮ್ಮ ಮೊದಲ ಪ್ರಶ್ನೆ ಮುಗಿಯಿತು. ಆದರೆ ರಸ್ಟ್ ಬದಲಾಯಿತು ಅಂದ ಮಾತ್ರಕ್ಕೆ ತಿಮಿಂಗಿಲಕ್ಕೂ ಹಸುವಿಗೂ ಒಬ್ಬನೇ ಪೂರ್ವಜ ಇದ್ದ ಅಂತ ಸಾಬೀತಾಗುವುದಿಲ್ಲ. ಆಯ್ಕೆ ನಡೆಯುತ್ತದೆ ಅನ್ನುವುದು ಒಂದು ಮಾತು, ಜೀವಿಗಳೆಲ್ಲ ಸಂಬಂಧಿಕರು ಅನ್ನುವುದು ಇನ್ನೊಂದು ಮಾತು. ಎರಡಕ್ಕೂ ಪುರಾವೆ ಬೇರೆ ಬೇರೆ. ಇವೆರಡನ್ನೂ ಕಲಸಿಬಿಡುವುದರಿಂದಲೇ ಎಷ್ಟೋ ವಾದ ದಾರಿ ತಪ್ಪುತ್ತದೆ.

ಈಗ ಕೋತಿಯ ವಿಷಯ. ಒಂದು ಒಕ್ಕದ (ಕೊಡವ ಮನೆತನದ) ಐನ್‌ಮನೆಯಿಂದ, ಅಂದರೆ ಮೂಲಮನೆಯಿಂದ, ಎರಡು ಕವಲು ಬೇರೆಯಾದವು, ಒಂದು ಬೆಂಗಳೂರು ಸೇರಿತು, ಇನ್ನೊಂದು ಊರಲ್ಲೇ ಉಳಿಯಿತು ಅಂತ ಇಟ್ಟುಕೊಳ್ಳಿ. ಬೆಂಗಳೂರಿನವರು ಊರಿನವರ ಮಕ್ಕಳಲ್ಲ. ಇಬ್ಬರಿಗೂ ಮುತ್ತಜ್ಜ ಒಬ್ಬ. ಇವರು ಇದ್ದಾರೆ ಅಂತ ಅವರು ಇರಬಾರದಾ? ನಮ್ಮ ಕವಲೂ ಚಿಂಪಾಂಜಿಯ ಕವಲೂ ಬೇರೆಯಾಗಿ ಸುಮಾರು 60–70 ಲಕ್ಷ ವರ್ಷ ಆಗಿದೆ. ತೋಟಕ್ಕೆ ನುಗ್ಗುವ ಕೋತಿಯ ಕವಲು ಅದಕ್ಕಿಂತ ಬಹಳ ಹಿಂದೆ, ಸುಮಾರು 2.5 ಕೋಟಿ ವರ್ಷದ ಕೆಳಗೆ ಬೇರೆಯಾಯಿತು.

ಇದಕ್ಕೆ ಏನು ಗುರುತು ಅಂತೀರಾ? ನಮ್ಮ ಕೊಡಗಿನ ಕಿತ್ತಳೆ ತಿನ್ನುವಾಗ ಯೋಚಿಸಿ. ವಿಟಮಿನ್ ಸಿ ಸಿಗದಿದ್ದರೆ ಮನುಷ್ಯನಿಗೆ ಸ್ಕರ್ವಿ ರೋಗ ಬರುತ್ತದೆ. ನಿಮ್ಮ ಮನೆಯ ನಾಯಿಗೆ, ಹಸುವಿಗೆ ಬರುವುದಿಲ್ಲ. ಅವು ಅದನ್ನು ಲಿವರ್‌ನಲ್ಲೇ ತಯಾರಿಸಿಕೊಳ್ಳುತ್ತವೆ. ಆ ಕೆಲಸದ ಕೊನೆಯ ಹಂತ ಮಾಡುವ ಜೀನ್ ನಮ್ಮಲ್ಲೂ ಇದೆ, ಆದರೆ ಮುರಿದು ಬಿದ್ದಿದೆ. ಚಿಂಪಾಂಜಿಯಲ್ಲೂ, ಕೋತಿಯಲ್ಲೂ ಅದೇ ಜೀನ್ ಕೆಟ್ಟಿದೆ. ಕೆಟ್ಟಿರುವ ರೀತಿಯೂ ನಮ್ಮದನ್ನೇ ಹೋಲುತ್ತದೆ. ಗಿನಿಪಿಗ್‌ಗೂ ಇದು ಕೆಟ್ಟಿದೆ, ಆದರೆ ಅದು ಬೇರೆಯೇ ರೀತಿ ಕೆಟ್ಟದ್ದು. ಹಣ್ಣು ತಿನ್ನುತ್ತಿದ್ದ ಪೂರ್ವಜನಲ್ಲಿ ಒಮ್ಮೆ ಕೆಟ್ಟು ಎಲ್ಲರಿಗೂ ಹರಿದು ಬಂತು ಅಂದರೆ ಇದೆಲ್ಲ ಸರಿಹೋಗುತ್ತದೆ. ಒಂದೊಂದು ಪ್ರಾಣಿಯೂ ಬೇರೆ ಬೇರೆಯಾಗಿ ಸೃಷ್ಟಿಯಾಯಿತು ಅಂದರೆ, ಕೆಲಸಕ್ಕೆ ಬಾರದ ಜೀನ್ ಒಂದೇ ಥರ ಕೆಟ್ಟು ಯಾಕೆ ಕೂತಿದೆ ಅಂತ ಹೇಳುವುದು ಕಷ್ಟ.

ಇನ್ನೊಂದು, ಜೀನ್‌ಗಳನ್ನು ಹೊತ್ತ ಎಳೆಗಳ, ಅಂದರೆ ಕ್ರೋಮೋಸೋಮ್‌ಗಳ ಲೆಕ್ಕ. ನಮಗೆ 23 ಜೊತೆ. ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್‌ಗೆ 24. ಪೂರ್ವಜ ಒಂದೇ ಆಗಿದ್ದರೆ ನಮ್ಮ ಕವಲಿನಲ್ಲಿ ಎರಡು ಕ್ರೋಮೋಸೋಮ್ ಕೂಡಿಕೊಂಡಿರಬೇಕು, ಕೂಡಿದ ಗುರುತು ಎಲ್ಲೋ ಸಿಗಬೇಕು. 1991ರಲ್ಲಿ ಸಿಕ್ಕಿತು. ಕ್ರೋಮೋಸೋಮ್‌ನ ತುದಿಯಲ್ಲಿ ಮಾತ್ರ ಇರಬೇಕಾದ ಡಿಎನ್‌ಎ ಅಕ್ಷರಸಾಲು ನಮ್ಮ ಎರಡನೇ ಕ್ರೋಮೋಸೋಮ್‌ನ ನಡುವೆ, ಎದುರುಬದುರಾಗಿ ಇದೆ.

ಪಳೆಯುಳಿಕೆಯಲ್ಲಿ ನನಗೆ ತುಂಬ ಹತ್ತಿರವಾದದ್ದು ತಿಮಿಂಗಿಲದ ಕಥೆ, ಯಾಕೆಂದರೆ ಅದರ ಒಂದು ಮುಖ್ಯ ಕೊಂಡಿ ನಮ್ಮ ದೇಶದಲ್ಲೇ ಸಿಕ್ಕಿತು. ಭೂವಿಜ್ಞಾನಿ ಎ. ರಂಗರಾವ್ ಜಮ್ಮು-ಕಾಶ್ಮೀರದ ಕಾಲಾಕೋಟ್ ಕಡೆಯಿಂದ ಕಲ್ಲುಗಳನ್ನು ತಂದಿಟ್ಟಿದ್ದರು. ಅವರು ತೀರಿಕೊಂಡ ಮೇಲೆ ಅವರ ಪತ್ನಿ ಅವನ್ನು ಹಾನ್ಸ್ ಥೆವಿಸ್ಸನ್ ಎಂಬ ವಿಜ್ಞಾನಿಗೆ ಕೊಟ್ಟರು. ಶುಚಿ ಮಾಡುವಾಗ ಒಂದು ತಲೆಬುರುಡೆಯ ಕಿವಿಯ ಭಾಗ ಆಕಸ್ಮಿಕವಾಗಿ ಮುರಿಯಿತು. ಒಳಗೆ ಕಂಡದ್ದು ತಿಮಿಂಗಿಲದ ಬಳಗಕ್ಕೆ ಮಾತ್ರ ಇದೆ ಅಂದುಕೊಂಡಿದ್ದ ದಪ್ಪ ಕಿವಿಮೂಳೆ. ಪ್ರಾಣಿಯೋ, ಗೊರಸಿದ್ದ, ಸಣ್ಣ ಜಿಂಕೆಯಂಥದ್ದು. 4.8 ಕೋಟಿ ವರ್ಷ ಹಳೆಯದು. ನೀರಿನಲ್ಲಿ ನಡೆದಾಡುವ ಪ್ರಾಣಿಗಳಿಗೆ ಇರುವಂತೆ ಅದರ ಕಾಲಿನ ಮೂಳೆ ಭಾರ. ಇಂಡೋಹಯಸ್ ಅಂತ ಅದರ ಹೆಸರು, ವಿವರ 2007ರಲ್ಲಿ ಬಂತು. ಗುಜರಾತಿನ ಕಛ್‌ನಲ್ಲಿ ಕಾಲಿದ್ದ ತಿಮಿಂಗಿಲಗಳ ಮೂಳೆಗಳೂ ಸಿಕ್ಕಿವೆ. ಡಿಎನ್‌ಎ ನೋಡುವವರು ಮೂಳೆ ಮುಟ್ಟದೆಯೇ, ಈಗ ಬದುಕಿರುವ ಪ್ರಾಣಿಗಳಲ್ಲಿ ತಿಮಿಂಗಿಲಕ್ಕೆ ಅತಿ ಹತ್ತಿರದ್ದು ನೀರಾನೆ ಅಂತ ಹೇಳುತ್ತಾರೆ. ಅದೂ ಗೊರಸಿನ ಬಳಗದ್ದೇ. ಕಲ್ಲು ಅಗೆಯುವವರೂ ಲ್ಯಾಬಿನವರೂ ಬೇರೆ ಬೇರೆ ದಾರಿಯಲ್ಲಿ ಹೋಗಿ ಒಂದೇ ಬಳಗಕ್ಕೆ ಬಂದರು ಅನ್ನುವುದೇ ನನ್ನ ಮಟ್ಟಿಗೆ ಅತಿ ಗಟ್ಟಿ ಪುರಾವೆ.

ಹೊಸ ಪ್ರಭೇದ ಹುಟ್ಟಿದ್ದಕ್ಕೆ ಉದಾಹರಣೆ ಬೇಕಾದರೆ ಮತ್ತೆ ತೋಟಕ್ಕೇ ಬನ್ನಿ. ರೊಬಸ್ಟಾ ಕಾಫಿಗೆ 22 ಕ್ರೋಮೋಸೋಮ್. ಆಫ್ರಿಕಾದ ಯೂಜೆನಿಯಾಯ್ಡಿಸ್ ಅನ್ನುವ ಕಾಡುಕಾಫಿಗೂ 22. ಅರೇಬಿಕಾಕ್ಕೆ 44. ಲಕ್ಷಾಂತರ ವರ್ಷದ ಹಿಂದೆ ಅಲ್ಲಿ ಆ ಎರಡೂ ತಾವಾಗಿಯೇ ಬೆರೆತು ಅರೇಬಿಕಾ ಹುಟ್ಟಿತು. ನೈಸರ್ಗಿಕ ಆಯ್ಕೆಯ ನಿಧಾನದ ದಾರಿ ಇದಲ್ಲ, ಗಿಡಗಳಲ್ಲಿ ಹೀಗೆ ಒಮ್ಮೆಗೇ ಆಗುವುದೂ ಉಂಟು. ನಿಧಾನದ ದಾರಿ ನೋಡಬೇಕಾದರೆ ಬ್ರಹ್ಮಗಿರಿಯ ಎತ್ತರದ ಶೋಲಾ ಕಾಡಿನ ಲಾಫಿಂಗ್ ಥ್ರಷ್ ಹಕ್ಕಿ ಇದೆ. ಅಲ್ಲಿರುವುದು ಒಂದು ಪ್ರಭೇದ. ನೀಲಗಿರಿಯಲ್ಲಿ ಅದರ ದಾಯಾದಿ, ಪಾಲಕ್ಕಾಡ್ ಕಣಿವೆ ದಾಟಿ ಪಳನಿ ಬೆಟ್ಟದ ಕಡೆ ಮತ್ತೊಂದು. ನಡುವಿನ ತಗ್ಗನ್ನು ಅವು ದಾಟುವುದಿಲ್ಲ. ಬೆಟ್ಟಕ್ಕೊಂದರಂತೆ ಬೇರೆಯಾಗಿವೆ.

ದೇವರ ಪ್ರಶ್ನೆಗೆ ನನ್ನ ಮಟ್ಟಿನ ಉತ್ತರ ಕೊಡುತ್ತೇನೆ. ನಾನು ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗುವವನು. ಮೇಲೆ ಬರೆದದ್ದನ್ನೆಲ್ಲ ಪೂರ್ತಿಯಾಗಿ ಒಪ್ಪುವವನೂ ಹೌದು. ನನಗೆ ಇವೆರಡರ ನಡುವೆ ಜಗಳ ಕಂಡಿಲ್ಲ. 1858ರಲ್ಲಿ ಡಾರ್ವಿನ್ ಮತ್ತು ಅದೇ ಸಿದ್ಧಾಂತಕ್ಕೆ ತಾವಾಗಿಯೇ ಬಂದಿದ್ದ ವಾಲೆಸ್ ಇಬ್ಬರ ಬರಹವನ್ನು ಲಂಡನ್ನಿನಲ್ಲಿ ಮೊದಲ ಸಲ ಓದಿದಾಗ, ಅದರಲ್ಲಿ ಡಾರ್ವಿನ್ ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇಗೆ ಬರೆದ ಪತ್ರದ ಭಾಗವೂ ಇತ್ತು. ಗ್ರೇ ದೈವಭಕ್ತ, ಅಮೆರಿಕದಲ್ಲಿ ಡಾರ್ವಿನ್ ಪರವಾಗಿ ಗಟ್ಟಿಯಾಗಿ ನಿಂತವರೂ ಅವರೇ. ಜೀವ ಮೊಟ್ಟಮೊದಲು ಹೇಗೆ ಹುಟ್ಟಿತು ಅನ್ನುವುದಕ್ಕೆ ನೈಸರ್ಗಿಕ ಆಯ್ಕೆ ಉತ್ತರ ಹೇಳುವುದಿಲ್ಲ. ಹುಟ್ಟಿದ ಮೇಲೆ ಹೇಗೆ ಬದಲಾಯಿತು ಅನ್ನುವುದನ್ನು ಹೇಳುತ್ತದೆ. ಅಷ್ಟನ್ನು ಮಾತ್ರ ಪುರಾವೆಯ ಮೇಲೆ ತೂಗಿ ನೋಡಿ, ನಂಬಿಕೆಯ ಮೇಲೆ ಬೇಡ.

ಚೆಟ್ಟಳ್ಳಿಯಲ್ಲಿ 1946ರಿಂದ ಕಾಫಿ ಸಂಶೋಧನಾ ಉಪಕೇಂದ್ರ ಇದೆ, ಮಡಿಕೇರಿಯಿಂದ ಏನೂ ದೂರವಿಲ್ಲ. ರಜೆಯಲ್ಲಿ ಒಂದು ದಿನ ಹೋಗಿ, ಯಾವ ತಳಿಗೆ ಈಗ ಎಷ್ಟು ರಸ್ಟ್ ಬರುತ್ತಿದೆ, ಯಾವ ರೇಸ್‌ಗಳು ಕಾಣಿಸುತ್ತಿವೆ ಅಂತ ಅಲ್ಲಿನವರನ್ನು ಕೇಳಿ.