ಒಂಟಿ ನಾಯಿಗೆ ಜೊತೆ ಅಂತ ಮೂರು ವರ್ಷದ ಮುಧೋಳ ತರಬಹುದೇ?

ನಿಮ್ಮ ಪ್ರಶ್ನೆ ಇಷ್ಟು: ಮಧುಗಿರಿಯ ಅಂಚಿನಲ್ಲಿ ಮನೆ. ಪೊಮೆರೇನಿಯನ್ ಮಿಶ್ರತಳಿಯ ಐದು ವರ್ಷದ ಹೆಣ್ಣು ನಾಯಿ, ಮರಿಯಾಗದಂತೆ ಆಪರೇಷನ್ ಆಗಿದೆ, ತೂಕ 9 ಕೆಜಿ, ಹಗಲೆಲ್ಲ ಒಂಟಿಯಾಗಿ ಊಳಿಡುತ್ತದೆ. ತೋಟ ಮಾರಿ ಹೋಗುತ್ತಿರುವ ಪರಿಚಯದವರು ತಮ್ಮ ಮೂರು ವರ್ಷದ ಗಂಡು ಮುಧೋಳವನ್ನು ಕೊಡುತ್ತೇವೆ ಎನ್ನುತ್ತಿದ್ದಾರೆ. ಹಿತ್ತಲಲ್ಲಿ ನಾಟಿಕೋಳಿಗಳೂ ಇವೆ. ಎರಡೂ ಜಗಳವಾಡುತ್ತವೆಯೇ ಎಂಬುದು ನಿಮ್ಮ ಚಿಂತೆ.

ಜಗಳ ಎರಡನೆಯ ಮಾತು. ಗಂಡು-ಹೆಣ್ಣಿನ ಜೋಡಿ ಸಾಮಾನ್ಯವಾಗಿ ಹೊಂದಿಕೊಳ್ಳುತ್ತದೆ. ನನಗೆ ಅಳುಕಿರುವುದು ಮುಧೋಳದ ಕಣ್ಣಿನ ಬಗ್ಗೆ. ಇದು ಮೂಸಿಕೊಂಡು ಹೋಗುವ ಬೇಟೆ ನಾಯಿಯಲ್ಲ, ಕಂಡದ್ದನ್ನು ಅಟ್ಟುವ ಬೇಟೆ ನಾಯಿ. ಚಿಕ್ಕ ಮೈ, ತುಪ್ಪಳದಂಥ ಕೂದಲು, ಕುಂಯ್‌ಗುಟ್ಟಿಕೊಂಡು ಓಡುವುದು, ಈ ಮೂರೂ ಸೇರಿದರೆ ಅದರ ಲೆಕ್ಕದಲ್ಲಿ ಅದು ಮೊಲ. ನಿಮ್ಮ ನಾಯಿಗೆ ಮೂರೂ ಇವೆ.

ಅದಕ್ಕೇ ಮಾಲೀಕರನ್ನು ಬಿಡಿಸಿ ಬಿಡಿಸಿ ಕೇಳಿ. ಚಿಕ್ಕ ನಾಯಿ ಜೊತೆ ಒಂದೇ ಮನೆಯಲ್ಲಿ ಇತ್ತೇ? ಕೋಳಿ, ಬೆಕ್ಕು, ಆಡಿನ ಮರಿಗೆ ಬಾಯಿ ಹಾಕಿದೆಯೇ? ಮೊಲ ಹಿಡಿಯಲು ಕರೆದೊಯ್ದಿದ್ದರೇ? ಕೊನೆಯ ಪ್ರಶ್ನೆಗೆ ನೇರ ಉತ್ತರ ಸಿಗುವುದು ಕಷ್ಟ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕೊಲ್ಲುವುದಷ್ಟೇ ಅಲ್ಲ, ನಾಯಿ ಬಿಟ್ಟು ಅಟ್ಟಿಸುವುದೂ ಬೇಟೆಯೇ. ಒಮ್ಮೆ ಮೊಲದ ರುಚಿ ಕಂಡ ಮೂರು ವರ್ಷದ ನಾಯಿ ಎಂದು ಗೊತ್ತಾದರೆ ಈ ಮನೆಗೆ ಬೇಡ ಎನ್ನುತ್ತೇನೆ.

ಇನ್ನೊಂದು ಪರೀಕ್ಷೆ ನಿಮ್ಮ ನಾಯಿಯದೇ. ಫೋನಿನಲ್ಲಿ ವಿಡಿಯೊ ಹಚ್ಚಿಟ್ಟು ಹೊರಗೆ ಹೋಗಿ. ನೀವು ಗೇಟು ದಾಟಿದ ಹತ್ತು-ಹದಿನೈದು ನಿಮಿಷಕ್ಕೇ ಜೊಲ್ಲು ಸುರಿಸಿ ಬಾಗಿಲು ಪರಚುತ್ತಿದ್ದರೆ ಅದಕ್ಕೆ ಬೇಕಾದದ್ದು ಮನುಷ್ಯರ ಜೊತೆ. ಆಗ ಇನ್ನೊಂದು ನಾಯಿ ತಂದರೂ ಊಳು ನಿಲ್ಲುವುದಿಲ್ಲ.

ಇಷ್ಟಾದ ಮೇಲೂ ಮನಸ್ಸಿದ್ದರೆ, ಮೊದಲ ಭೇಟಿ ನಿಮ್ಮ ಅಂಗಳದಲ್ಲಿ ಬೇಡ. ಸೈಟು ಮಾಡಿ ಖಾಲಿ ಬಿಟ್ಟ ಬಡಾವಣೆಗೆ ಬೆಳಗಿನ ಜಾವ ಹೋಗಿ, ಬೀದಿನಾಯಿ ಇಲ್ಲದ ಕಡೆ. ಒಬ್ಬರಿಗೆ ಒಂದು ನಾಯಿ. ಎದುರುಬದುರು ತರಬೇಡಿ, 20 ಅಡಿ ಅಂತರದಲ್ಲಿ ಒಂದೇ ದಿಕ್ಕಿಗೆ ನಡೆಸಿ, ಅಂತರ ನಿಧಾನಕ್ಕೆ ಇಳಿಸಿ. ಹಿಂಭಾಗ ಮೂಸಲು ಎರಡು-ಮೂರು ಸೆಕೆಂಡು ಕೊಟ್ಟು ಕರೆದುಕೊಳ್ಳಿ. ಇಪ್ಪತ್ತು ನಿಮಿಷ ಸಾಕು, ಬೇರೆ ಬೇರೆ ದಿನ ಮೂರು ಸಲ ಮಾಡಿ. ಮುಧೋಳದ ಮುಖದ ಮೇಲೇ ಕಣ್ಣಿಡಿ. ಮೈ ಸಡಿಲ ಬಿಟ್ಟು ಮುಂಗಾಲು ಚಾಚಿ ಎದೆ ನೆಲಕ್ಕೆ ತಂದರೆ ಆಟ. ಬಾಯಿ ಮುಚ್ಚಿ, ಕಿವಿ ಮುಂದಾಗಿ, ಒಂದು ಮುಂಗಾಲು ಎತ್ತಿದ್ದು ಎತ್ತಿದಂತೆಯೇ ಕಲ್ಲಾಗಿ ನಿಂತು, ಹೆಸರು ಕೂಗಿದರೂ ಕಣ್ಣು ಕದಲದಿದ್ದರೆ ಅದು ಗುರಿಯಿಟ್ಟ ನೋಟ. ಬೊಗಳುವುದಕ್ಕಿಂತ ಈ ಮೌನ ಕೆಟ್ಟದ್ದು. ಮೂರನೇ ಭೇಟಿಯಲ್ಲೂ ಹೀಗಾದರೆ ಬಿಟ್ಟುಬಿಡಿ.

ಕೊರಳಪಟ್ಟಿಯ ವಿಷಯ ಹಲವರಿಗೆ ಗೊತ್ತಿರುವುದಿಲ್ಲ. ಮುಧೋಳದ ತಲೆ ಕುತ್ತಿಗೆಗಿಂತ ಸಪೂರ. ಸಾದಾ ಬೆಲ್ಟು ಹಾಕಿದರೆ ಹಿಂದಕ್ಕೆ ಒಂದೇ ಜಗ್ಗಿಗೆ ತಲೆ ಕಳಚಿಕೊಳ್ಳುತ್ತದೆ. ಎಳೆದಾಗ ಒಂದು ಮಿತಿಯವರೆಗೆ ಬಿಗಿಯಾಗುವ ಮಾರ್ಟಿಂಗೇಲ್ ಪಟ್ಟಿ, ಒಂದೂವರೆ-ಎರಡು ಇಂಚು ಅಗಲದ್ದು, ಕಿವಿಯ ಹಿಂದಕ್ಕೇ ಕೂರುವಂತೆ ಹಾಕಿ. ಹಗ್ಗ ಆರು ಅಡಿ ಮೀರಬಾರದು. ಉದ್ದ ಹಗ್ಗದಲ್ಲಿ ಪೂರ್ತಿ ವೇಗ ಹಿಡಿದು ತುದಿಗೆ ಬಂದು ಜಗ್ಗಿಸಿಕೊಂಡರೆ ಕುತ್ತಿಗೆಗೇ ಏಟು. ಹೊಲದಲ್ಲಂತೂ ಬಿಚ್ಚಿ ಬಿಡಬೇಡಿ. ನಿಮ್ಮ ತಾಲ್ಲೂಕಿನಲ್ಲೇ ಮೈದೇನಹಳ್ಳಿಯ ಕೃಷ್ಣಮೃಗಗಳಿವೆ, ರಾಗಿ ಹೊಲದಲ್ಲಿ ಕುರಿಮಂದೆಗಳಿವೆ. ಅಟ್ಟಲು ಹೊರಟ ಮುಧೋಳಕ್ಕೆ ನಿಮ್ಮ ಕೂಗು ಕೇಳಿಸುವುದೇ ಇಲ್ಲ.

ಕಾಂಪೌಂಡು ನಾಲ್ಕು ಅಡಿ ಇದ್ದರೆ ಸಾಲದು. ಆರು ಅಡಿಗೆ ಜಾಲರಿ ಏರಿಸಿ, ಗೇಟಿನ ಕೆಳಗಿನ ಸಂದು ಮುಚ್ಚಿ. ಕೋಳಿಗಳಿಗೆ ತಗಡಿನ ಚಾವಣಿಯ ಗಟ್ಟಿ ಗೂಡು ಬೇಕು. ಕೋಳಿ ತೋರಿಸಿ ಹೊಡೆದು ಕಲಿಸುವ ಪದ್ಧತಿ ಇದೆಯಲ್ಲ, ಅದರಿಂದ ನಾಯಿ ಕಲಿಯುವುದು ನೀವು ಇಲ್ಲದಾಗ ಹಿಡಿಯಬೇಕು ಎಂಬುದನ್ನಷ್ಟೇ.

ಮನೆಗೆ ತಂದ ಮೇಲೆ ಎರಡು ವಾರ ಬೇರೆ ಕೋಣೆ, ಬೇರೆ ನೀರಿನ ಪಾತ್ರೆ. ಪಾರ್ವೊ, ಡಿಸ್ಟೆಂಪರ್‌ನಂಥ ನಾಯಿಗಳ ಅಂಟುರೋಗ ಮೈಯಲ್ಲಿದ್ದರೆ ಬಹುಪಾಲು ಈ ಅವಧಿಯಲ್ಲಿ ಹೊರಬೀಳುತ್ತವೆ. ಲಸಿಕೆಯ ಚೀಟಿ ಇಲ್ಲದಿದ್ದರೆ ರೇಬಿಸ್ ಮತ್ತು ಬಹುರೋಗ ಲಸಿಕೆ ಹೊಸದಾಗಿ ಹಾಕಿಸಿ, ತೂಕ ನೋಡಿ ಜಂತುಹುಳುವಿನ ಮಾತ್ರೆ ಕೊಡಿಸಿ. ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ ರಕ್ತ ಹೀರುವ ಉಣ್ಣೆ ಹುಳು ಹುಡುಕಿ. ತೋಟದಿಂದ ಬಂದ ನಾಯಿಗೆ ಉಣ್ಣೆ ಜ್ವರದ ರಕ್ತಪರೀಕ್ಷೆ ಮಾಡಿಸಿದರೆ ಒಳ್ಳೆಯದು; ಊಟ ಬಿಟ್ಟು ಒಸಡು ಬಿಳಿಚಿಕೊಂಡರೆ, ಮೂಗಿನಲ್ಲಿ ರಕ್ತ ಬಂದರೆ ಕಾಯಬೇಡಿ. ಮುಂದೆ ಯಾವುದಾದರೂ ಆಪರೇಷನ್‌ ಇದ್ದರೆ ಇದು ಮುಧೋಳ ಎಂದು ಡಾಕ್ಟರಿಗೆ ನೆನಪಿಸಿ. ಇಂಥ ಕೊಬ್ಬಿಲ್ಲದ ಮೈಯ ತಳಿಗಳಿಗೆ ಥಯೋಪೆಂಟೋನ್‌ನಂಥ ಅರಿವಳಿಕೆಯಿಂದ ಏಳುವುದು ಬಹಳ ತಡವಾಗುತ್ತದೆ.

ಕೊನೆಯ ಎರಡು-ಮೂರು ಪಕ್ಕೆಲುಬು ಕಾಣುವುದು ಈ ತಳಿಗೆ ಸಹಜ. ಸೊರಗಿದೆ ಎಂದು ಮುದ್ದೆ ತುರುಕಬೇಡಿ. ತೊಡೆಯ ಮಾಂಸ ಕರಗಿ ಸೊಂಟದ ಮೂಳೆ ಚುಚ್ಚುವಂತಿದ್ದರೆ ಮಾತ್ರ ಚಿಂತಿಸಿ. ರಾಗಿಮುದ್ದೆಯ ಜೊತೆ ಮೊಟ್ಟೆ ಅಥವಾ ಬೇಯಿಸಿದ ಕೋಳಿಮಾಂಸ ಇರಲಿ. ಈರುಳ್ಳಿ ಬಿದ್ದ ಸಾರು, ಬೆಂದ ಮೂಳೆ ಬೇಡ. ಎದೆ ಆಳವಾದ ನಾಯಿ, ಹೊಟ್ಟೆ ತಿರುಚಿಕೊಳ್ಳುವ ಅಪಾಯವಿದೆ. ಉಂಡ ಮೇಲೆ ಒಂದು ಗಂಟೆ ಓಡಿಸಬೇಡಿ. ಹೊಟ್ಟೆ ಉಬ್ಬಿ, ವಾಂತಿ ಬಾರದೆ ಓಕರಿಸುತ್ತಿದ್ದರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ. ಎರಡಕ್ಕೂ ಊಟ ಗೋಡೆಯ ಆಚೆ-ಈಚೆ, ಹದಿನೈದು ನಿಮಿಷಕ್ಕೆ ತಟ್ಟೆ ಎತ್ತಿಬಿಡಿ. ಸಿಮೆಂಟು ನೆಲದಲ್ಲಿ ಮೊಣಕೈ ಹುಣ್ಣಾಗುತ್ತದೆ, ದಪ್ಪಗೆ ಗೋಣಿಚೀಲ ಹಾಸಿ.

ಮಾಲೀಕರ ಜೊತೆ ಮೊದಲೇ ಮಾತಾಡಿಕೊಳ್ಳಿ: ಎರಡು ತಿಂಗಳು ನೋಡುತ್ತೇವೆ, ಹೊಂದದಿದ್ದರೆ ವಾಪಸ್ ಅಥವಾ ಬೇರೆ ಮನೆ ಹುಡುಕುವುದು ಅವರ ಹೊಣೆ. ಆ ಎರಡು ತಿಂಗಳೂ ನೀವು ಮನೆಯಲ್ಲಿಲ್ಲದ ಹೊತ್ತು ಎರಡರ ನಡುವೆ ಮುಚ್ಚಿದ ಬಾಗಿಲು ಇರಲಿ, ಒಂದೇ ಹಾಸಿಗೆಯಲ್ಲಿ ಮಲಗುವಷ್ಟು ಸ್ನೇಹವಾಗಿದ್ದರೂ.